ಪಾಪಮ್ಮ ಬಂದ ಹೊತ್ತು

ಪಾಪಮ್ಮ ಆಸ್ಪತ್ರೆಗೆ ಬಂದದ್ದು ಬೆಳಿಗ್ಗೆ ಏಳೂವರೆಗೆ. ಹನ್ನೊಂದೂವರೆಗೆ ಅಲ್ಲ. ಆಸ್ಪತ್ರೆಯ ರಿಜಿಸ್ಟರಿನಲ್ಲಿ ಹನ್ನೊಂದೂವರೆ ಎಂದು ಬರೆದಿದೆ. ಅದು ಸುಳ್ಳು. ಆ ಸುಳ್ಳನ್ನು ಎರಡನೆಯ ಸಲ ಬರೆದವಳು ನಾನು.

ನನ್ನ ಹೆಸರು ಯಶೋದಮ್ಮ. ಕೇತಮಾರನಹಳ್ಳಿಯ ನಂಜುಂಡಪ್ಪನವರ ಮಗಳು. ನಮ್ಮ ರಾಗಿ ಹೊಲದ ಮೇಲೆ ರಾಜಾಜಿನಗರದ ಬೀದಿಗಳು ಬಂದವು. ಹೊಲ ಹೋದ ಮೇಲೆ ಅಪ್ಪ ನನ್ನನ್ನು ನರ್ಸ್ ತರಬೇತಿಗೆ ಹಾಕಿದರು. ಕಂಡವರ ಮೈ ಮುಟ್ಟುವ ಕೆಲಸ ಎಂದು ಊರವರು ಮೂಗು ಮುರಿದರು. ಅಪ್ಪ ಕಿವಿಗೆ ಹಾಕಿಕೊಳ್ಳಲಿಲ್ಲ.

ನಾನು ಹೇಳುತ್ತಿರುವುದು ಐವತ್ತೇಳನೆಯ ಇಸವಿಯ ಮಾತು. ಮಾಗಡಿ ರಸ್ತೆಯ ಕಡೆ ಇದ್ದ ನಮ್ಮ ಆಸ್ಪತ್ರೆಯಲ್ಲಿ ಆ ವರ್ಷ ಒಂದು ಮೇಲಿನ ಓದು ಶುರುವಾಯಿತು. ಐದಾರು ವರ್ಷ ವಾರ್ಡುಗಳಲ್ಲಿ ದುಡಿದ ನರ್ಸುಗಳಿಗೆ ಮಾತ್ರ. ಒಂದು ವರ್ಷ ಓದಿ ಪಾಸಾದರೆ ಡಿಪ್ಲೊಮಾ. ಆಮೇಲೆ ಹೊಸ ಹುಡುಗಿಯರಿಗೆ ಪಾಠ ಹೇಳುವ ಟ್ಯೂಟರ್ ಆಗಬಹುದು. ಬೆಡ್‌ಪ್ಯಾನ್ ತೊಳೆದ ಕೈಗೆ ಸೀಮೆಸುಣ್ಣ ಬರುತ್ತಿತ್ತು. ನಮಗೆಲ್ಲ ಅದೇ ಆಸೆ.

ಆದರೆ ಬರೆಯಬೇಕಿತ್ತು. ಅದೂ ಇಂಗ್ಲಿಷಿನಲ್ಲಿ. ತಾನೇ ಆರೈಕೆ ಮಾಡಿದ ಒಬ್ಬ ರೋಗಿಯ ಬಗ್ಗೆ ಇಪ್ಪತ್ತು ಹಾಳೆಯ ವರದಿ. ಕೇಸ್ ಸ್ಟಡಿ ಎಂದು ಕರೆಯುತ್ತಿದ್ದರು. ರಕ್ತ ನೋಡಿ ಹೆದರದ ನಾವು ಬಿಳಿ ಹಾಳೆ ನೋಡಿ ಹೆದರಿದೆವು.

ಶಿವಕ್ಕ ದಾರಿ ತೋರಿಸಿದರು. ಧಾರವಾಡದ ಕಡೆಯವರು. ನನಗಿಂತ ಹತ್ತು ವರ್ಷ ದೊಡ್ಡವರು. ಅವರಿಗೆ ಹದಿನೇಳಾಗಿದ್ದಾಗ ಗಂಡ ಸತ್ತಿದ್ದ. "ಒಬ್ಬೊಬ್ಬರ ಕುಂತು ಅಳೂದ್ಯಾಕ? ಕೂಡಿ ಬರೆಯೂಣು. ನಾ ಓದತೀನಿ, ನೀವು ತಪ್ಪ ಹೇಳ್ರಿ. ನೀವು ಓದ್ರಿ, ನಾ ಹೇಳತೀನಿ" ಎಂದರು. ಹಾಗೆ ಪ್ರತಿ ಭಾನುವಾರ ಮಧ್ಯಾಹ್ನ ಹಾಸ್ಟೆಲಿನ ಬಟ್ಟೆ ಕೋಣೆಯಲ್ಲಿ, ಒಗೆದು ಮಡಿಸಿಟ್ಟ ಬೆಡ್‌ಶೀಟುಗಳ ನಡುವೆ, ನಾವು ಮೂವರು ಕೂತೆವು. ಶಿವಕ್ಕ, ನಾನು, ಅಂಜಮ್ಮ.

ಅಂಜಮ್ಮ ಕೆಂಗೇರಿಯ ಹೊಲಗೇರಿಯವಳು. ಅವಳಪ್ಪ ಮುನಿಯಪ್ಪ ರೈಲು ಹಳಿಯ ಗ್ಯಾಂಗಿನಲ್ಲಿ ಕೂಲಿ. ಹಳಿಯ ಕೆಳಗೆ ಜಲ್ಲಿ ಬಡಿದು ಬಡಿದು ಅವನ ಬೆನ್ನು ಬಾಗಿತ್ತು. ಮಿಷನ್ನಿನವರ ಶಾಲೆಯಲ್ಲಿ ಅಂಜಮ್ಮ ಓದಿದಳು. ನಮ್ಮ ಮೂವರಲ್ಲಿ ಇಂಗ್ಲಿಷು ಚೆನ್ನಾಗಿ ಬರುತ್ತಿದ್ದದ್ದು ಅವಳೊಬ್ಬಳಿಗೇ.

ಹಾಸ್ಟೆಲಿನಲ್ಲಿ ಅವಳ ತಟ್ಟೆ ಲೋಟ ಬೇರೆ. ಹಿತ್ತಲ ಬಾಗಿಲಿನ ಮೆಟ್ಟಿಲ ಮೇಲೆ ಕೂತು ಉಣ್ಣುತ್ತಿದ್ದಳು. ಅಲ್ಲೇ ಕೂರು ಎಂದು ಯಾರೂ ಹೇಳಿರಲಿಲ್ಲ. ಅವಳು ಒಳಗೆ ಬಂದು ಕೂತರೆ ಉಳಿದವರು ತಟ್ಟೆ ಹಿಡಿದು ಏಳುತ್ತಿದ್ದರು, ಅಷ್ಟೆ. ಡ್ಯೂಟಿ ಪಟ್ಟಿಯಲ್ಲೂ ಹಾಗೇ. ನಾವೆಲ್ಲ ಮೇಲಿನ ಓದಿನವರು ಎಂದು ವಾರ್ಡಿನ ಕೊಳೆ ಕೆಲಸದಿಂದ ಬಿಟ್ಟರು. ಅಂಜಮ್ಮನನ್ನು ಬಿಡಲಿಲ್ಲ. ಬೆಡ್‌ಪ್ಯಾನ್ ಅವಳಿಗೆ. ಹೆಣ ತೊಳೆದು ಬಟ್ಟೆ ಸುತ್ತುವುದು ಅವಳಿಗೆ. ಬೆಳಿಗ್ಗೆ ಐದಕ್ಕೆದ್ದು ಹಿಂದಿನ ಕಟ್ಟಡದಲ್ಲಿ ಅದೆಲ್ಲ ಮುಗಿಸಿ, ಫಿನೈಲ್ ವಾಸನೆಯ ಕೈಯಲ್ಲಿ ಒಂಬತ್ತಕ್ಕೆ ಕ್ಲಾಸಿಗೆ ಬರುತ್ತಿದ್ದಳು. ಅವಳ ಬೆರಳ ಸಂದಿಗಳು ಬಿರಿದಿರುತ್ತಿದ್ದವು.

ಆ ಬೆರಳುಗಳೇ ನನ್ನ ವರದಿಯನ್ನು ತಿದ್ದಿದವು. ಒಬ್ಬ ಬಾಣಂತಿಯ ಸನ್ನಿಯ ಬಗ್ಗೆ ನಾನು ಬರೆದಿದ್ದೆ. ಪುಸ್ತಕದಿಂದ ಎತ್ತಿದ ದೊಡ್ಡ ದೊಡ್ಡ ಮಾತುಗಳು. ಅಂಜಮ್ಮ ಓದಿ ನಕ್ಕಳು.

"ಇದ್ರಲ್ಲಿ ನೀನೆಲ್ಲಿದೀಯ? ಆಯಮ್ಮ ನಿನ್ ಕೈ ಕಚ್ಚಿದ್ಲು ಅಂತಿದ್ದೆ. ಅದನ್ನ ಬರಿ ಕಣೇ. ಕಚ್ಚಿದ್ ಮೇಲೆ ನೀನ್ ಏನ್ ಮಾಡ್ದೆ, ಅದನ್ನ ಬರಿ."

ಬರೆದೆ. ಆ ವರದಿಗೆ ಕ್ಲಾಸಿನಲ್ಲೇ ಹೆಚ್ಚು ಅಂಕ ಬಂತು. ಎದ್ದು ನಿಂತು ಓದಿಸಿದರು. ಅಂಜಮ್ಮನ ಹೆಸರನ್ನು ನಾನು ಹೇಳಲಿಲ್ಲ.

ಅದರ ಬದಲಿಗೆ ನಾನು ಕೊಡುತ್ತಿದ್ದದ್ದು ನನ್ನ ಅಕ್ಷರ. ನನ್ನ ಕೈಬರಹ ದುಂಡಗಿತ್ತು. ಮೂವರ ಫೇರ್ ಕಾಪಿಯನ್ನೂ ನಾನೇ ಬರೆಯುತ್ತಿದ್ದೆ.

ಒಂದು ಭಾನುವಾರ ಬಟ್ಟೆ ಕೋಣೆಗೆ ಬೀಗ ಹಾಕಿದ್ದರು. ನಮ್ಮ ಮನೆ ಹತ್ತಿರ ಎಂದು ಇಬ್ಬರನ್ನೂ ಕರೆದುಕೊಂಡು ಹೋದೆ. ಶಿವಕ್ಕನನ್ನು ಅಮ್ಮ ಒಳಗೆ ಕರೆದು ಚಾಪೆ ಹಾಕಿದಳು. ಅಂಜಮ್ಮನ ಊರು ಕೇರಿ ಕೇಳಿದಳು. ಅಂಜಮ್ಮ ಮುಚ್ಚಿಡದೆ ಹೇಳಿದಳು. ಅಮ್ಮನ ಮುಖ ಬಿಗಿಯಿತು. ಅಂಜಮ್ಮ ದನದ ಕೊಟ್ಟಿಗೆಯ ಪಕ್ಕದ ಕಲ್ಲಿನ ಮೇಲೆ ಕೂತಳು. ನೀರು ಕೇಳಿದಾಗ ಅಮ್ಮ ಚೊಂಬನ್ನು ಮೇಲೆತ್ತಿ ಹಿಡಿದು ಸುರಿದಳು. ಅಂಜಮ್ಮ ಬಗ್ಗಿ ಬೊಗಸೆಯಲ್ಲಿ ಕುಡಿದಳು. ಅರ್ಧ ನೀರು ಅವಳ ಬಿಳಿ ಸೀರೆಯ ಮೇಲೆ ಬಿತ್ತು. ಶಿವಕ್ಕ ಚಾಪೆಯಿಂದ ಎದ್ದು ಬಂದು ಅವಳ ಪಕ್ಕ ಕಲ್ಲಿನ ಮೇಲೆ ಕೂತರು. ನಾನು ಹೊಸಿಲ ಮೇಲೆ ನಿಂತೇ ಇದ್ದೆ. ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ.

ಆಗಸ್ಟ್ ತಿಂಗಳಲ್ಲಿ ಪಾಪಮ್ಮ ಬಂದಳು.

ಇಪ್ಪತ್ತಾರು ವರ್ಷ. ಬೀದಿ ಗುಡಿಸುವವಳು. ರೈಲು ಗೇಟಿನ ಆಚೆ ಕಾಲೋನಿಯಲ್ಲಿ ಮನೆ. ನಸುಕಿನಲ್ಲಿ ಮನೆಯಲ್ಲೇ ಹೆರಿಗೆಯಾಗಿತ್ತು. ಹೆಣ್ಣು ಮಗು. ಮಗು ಬಂದಿತ್ತು, ಮಾಸು ಬಂದಿರಲಿಲ್ಲ. ರಕ್ತ ನಿಲ್ಲಲಿಲ್ಲ. ಗಂಡ ದೊಡ್ಡಹನುಮಯ್ಯ ಅವಳನ್ನು ಕಸದ ಕೈಗಾಡಿಯಲ್ಲಿ ಮಲಗಿಸಿ, ಮೇಲೆ ಕಂಬಳಿ ಹೊದಿಸಿ, ತಳ್ಳಿಕೊಂಡು ಬಂದ. ಅವನಿಗೆ ಸಿಕ್ಕ ಗಾಡಿ ಅದೊಂದೇ.

ಗಾಡಿಯನ್ನು ಒಳಗೆ ಬಿಡಲಿಲ್ಲ. ವರಾಂಡದ ಕಲ್ಲಿನ ಮೇಲೆ ಇಳಿಸು ಎಂದರು. ಇಳಿಸಿದ. ಎತ್ತಿ ಒಳಗೆ ತರಲು ಆಯಾಗಳು ಒಪ್ಪಲಿಲ್ಲ. "ಆ ಸ್ಟ್ರೆಚರ್ ಮೇಲೆ ಇವಳನ್ನ ಹಾಕಿದ್ರೆ ಆಮೇಲೆ ಯಾರು ಮಲಗ್ತಾರೆ?" ಎಂದು ಒಬ್ಬಳು ಕೇಳಿದಳು. ಹೆರಿಗೆ ವಾರ್ಡಿನ ಸಿಸ್ಟರ್ ಬಾಗಿಲಲ್ಲೇ ನಿಂತು, "ಮೊದ್ಲು ತೊಳ್ದು ಶುದ್ಧ ಮಾಡಿ ತರ್ಲಿ. ಮೂಲೆ ರೂಮ್ ಖಾಲಿ ಆದ್ಮೇಲೆ ನೋಡೋಣ" ಎಂದು ಒಳಗೆ ಹೋದರು. ಅಸ್ಪೃಶ್ಯತೆ ಅಪರಾಧ ಎಂದು ಕಾನೂನು ಬಂದು ಎರಡು ವರ್ಷವಾಗಿತ್ತು.

ನನಗೆ ಆ ದಿನ ಏಳರಿಂದ ಒಂಬತ್ತರವರೆಗೆ ವರಾಂಡದ ಕಡೆ ಡ್ಯೂಟಿ. ಎಂಟು ಗಂಟೆಗೆ ಔಷಧಿಯ ತಟ್ಟೆ ಹಿಡಿದು ಅವಳ ಪಕ್ಕದಲ್ಲೇ ಹೋದೆ. ಕಂಬಳಿ ಒದ್ದೆಯಾಗಿತ್ತು. ಕಲ್ಲಿನ ಸಂದಿಯಲ್ಲಿ ರಕ್ತ ಹರಿದು ಮೆಟ್ಟಿಲಿನವರೆಗೆ ಬಂದಿತ್ತು.

"ಅವ್ವಾ, ಒಂದ್ ಗುಟುಕು ನೀರು" ಎಂದಳು.

ನಾನು ನಿಂತೆ. ಅವಳ ತುಟಿ ಬೆಳ್ಳಗಿತ್ತು. ಐದು ವರ್ಷ ಕೆಲಸ ಮಾಡಿದವಳಿಗೆ ಆ ಬಿಳುಪು ಏನೆಂದು ಗೊತ್ತಿತ್ತು. ಆಪರೇಷನ್ನಿಗೆ ಹೋಗಬೇಕಾದವರಿಗೆ ನೀರು ಕೊಡಬಾರದು ಎಂಬ ನಿಯಮವೂ ಗೊತ್ತಿತ್ತು. ಆದರೆ ನಾನು ಕೊಡದೆ ಹೋದದ್ದು ನಿಯಮಕ್ಕಾಗಿ ಅಲ್ಲ. ಡಾಕ್ಟರನ್ನು ಕೂಗಲು ನಿಯಮ ಅಡ್ಡ ಬರುತ್ತಿರಲಿಲ್ಲ. ಬಗ್ಗಿ ನಾಡಿ ನೋಡಲು ಅಡ್ಡ ಬರುತ್ತಿರಲಿಲ್ಲ. "ಬರ್ತೀನಿ ಇರು" ಎಂದು ಹೇಳಿ ಹೋದೆ. ಹೋದವಳು ಬರಲಿಲ್ಲ. ಒಂಬತ್ತಕ್ಕೆ ಇನ್ನೊಂದು ಬಾಗಿಲಿನಿಂದ ಕ್ಲಾಸಿಗೆ ಹೋದೆ. ಆ ದಿನ ಪಾಠ ರಕ್ತಸ್ರಾವದ ಬಗ್ಗೆಯೇ ಇತ್ತು. ನೋಟ್ಸ್ ಬರೆದುಕೊಂಡೆ.

ಅಂಜಮ್ಮ ಹಿಂದಿನ ಕಟ್ಟಡದಿಂದ ನೇರ ಕ್ಲಾಸಿಗೆ ಬಂದಿದ್ದಳು. ಅವಳಿಗೆ ಏನೂ ಗೊತ್ತಿರಲಿಲ್ಲ. ಹನ್ನೊಂದೂವರೆಗೆ ಕ್ಲಾಸು ಬಿಟ್ಟಾಗ ವರಾಂಡಕ್ಕೆ ಬಂದು ನೋಡಿದಳು. ಯಾರನ್ನೂ ಕೇಳಲಿಲ್ಲ. ಒಬ್ಬಳೇ ಬಗ್ಗಿ ಪಾಪಮ್ಮನನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. ಎತ್ತಿಕೊಂಡೇ ವಾರ್ಡಿನ ಒಳಗೆ ಹೋದಳು. ಅವಳ ಸೀರೆ ಎದೆಯಿಂದ ಪಾದದವರೆಗೆ ಕೆಂಪಾಯಿತು. ಖಾಲಿ ಇದ್ದ ಮೊದಲ ಮಂಚದ ಮೇಲೆ ಮಲಗಿಸಿದಳು. ಆಗ ರಿಜಿಸ್ಟರ್ ತೆರೆದು ಹನ್ನೊಂದೂವರೆ ಎಂದು ಬರೆದರು. ಡಾಕ್ಟರು ಬಂದರು. ಕೈ ಹಾಕಿ ಮಾಸು ತೆಗೆದರು. ಆದರೆ ಮೈಯಲ್ಲಿ ರಕ್ತ ಉಳಿದಿರಲಿಲ್ಲ. ಮಧ್ಯಾಹ್ನ ಒಂದು ಗಂಟೆಗೆ ಪಾಪಮ್ಮ ಸತ್ತಳು. ಅವಳನ್ನು ತೊಳೆದು ಬಟ್ಟೆ ಸುತ್ತಿದ್ದೂ ಅಂಜಮ್ಮನೇ.

ಅಂಜಮ್ಮ ತನ್ನ ವರದಿಗೆ ಪಾಪಮ್ಮನನ್ನೇ ಆರಿಸಿಕೊಂಡಳು.

"ಸತ್ತೋರ್ ಬಗ್ಗೆ ಯಾಕೆ? ಬದುಕಿರೋ ಯಾರಾದ್ರೂ ಸಿಗಲ್ವಾ?" ಎಂದೆ.

"ಒಂದೂವರೆ ಗಂಟೆ ನೋಡ್ಕೊಂಡಿದೀನಿ. ನಾನೇ ಆರೈಕೆ ಮಾಡಿರೋ ರೋಗಿ ತಾನೇ?" ಎಂದಳು.

ಕಾಲೋನಿಗೆ ಹೋಗಿ ದೊಡ್ಡಹನುಮಯ್ಯನನ್ನು ಕೂರಿಸಿಕೊಂಡು ಆ ಬೆಳಗಿನ ಒಂದೊಂದು ಗಳಿಗೆಯನ್ನೂ ಕೇಳಿ ಬರೆದುಕೊಂಡು ಬಂದಳು. ಬಟ್ಟೆ ಕೋಣೆಯಲ್ಲಿ ಓದಿದಳು. ಏಳೂವರೆಗೆ ಬಂದದ್ದು. ಸ್ಟ್ರೆಚರ್ ಕೊಡದೇ ಇದ್ದದ್ದು. ಸಿಸ್ಟರ್ ಬಾಗಿಲಲ್ಲಿ ಹೇಳಿದ ಮಾತು. ಆಮೇಲೆ ಈ ಸಾಲು: "ಎಂಟು ಗಂಟೆಗೆ ಒಬ್ಬ ನರ್ಸ್ ಪಕ್ಕದಲ್ಲಿ ಹೋದಳು. ರೋಗಿ ನೀರು ಕೇಳಿದಳು. ನರ್ಸ್ ಹೋದವಳು ಮರಳಿ ಬರಲಿಲ್ಲ."

ನಾನು ಮಡಿಲಲ್ಲಿದ್ದ ಬೆಡ್‌ಶೀಟನ್ನು ಬಿಚ್ಚಿ ಮತ್ತೆ ಮಡಿಸಿದೆ.

ಶಿವಕ್ಕ ಕಣ್ಣು ಒರೆಸಿಕೊಂಡರು. "ಭಾಳ ಚೊಲೊ ಬರದೀಯವ್ವಾ. ಅಂಜಬ್ಯಾಡ. ಹಿಂಗ ಇರಲಿ" ಎಂದರು. ನನ್ನ ಕಡೆ ತಿರುಗಿ, "ನೀ ಯಾಕ ಸುಮ್ಕ ಕುಂತಿ?" ಎಂದು ಕೇಳಿದರು.

"ಚೆನ್ನಾಗಿದೆ" ಎಂದೆ.

ವರದಿಯ ಕರಡನ್ನು ಕೋರ್ಸಿನ ಮುಖ್ಯಸ್ಥೆಗೆ ತೋರಿಸಿ ಸಹಿ ಹಾಕಿಸಬೇಕಿತ್ತು. ಜಗದಾಂಬಾ ಮೇಡಂ. ಬಿಳಿ ಸೀರೆಯಲ್ಲಿ ಒಂದು ಸುಕ್ಕಿಲ್ಲದ ಹೆಂಗಸು. ಆ ಕೋರ್ಸು ತರಲು ಮೂರು ವರ್ಷ ಸರ್ಕಾರದ ಬಾಗಿಲು ತಟ್ಟಿದ್ದರು. ಅವರು ಅಂಜಮ್ಮನನ್ನು ಕರೆದು ವರಾಂಡದ ಮಾತಿರುವ ಹಾಳೆ ತೆಗೆ ಎಂದರು. ಅಂಜಮ್ಮ ಆಗಲ್ಲ ಎಂದಳು. ಆಗ ನನ್ನನ್ನು ಕರೆಸಿದರು.

"ಫೇರ್ ಕಾಪಿ ನೀನೇ ತಾನೇ ಬರೀತಿರೋದು?"

"ಹೌದು ಮೇಡಂ."

"ರಿಜಿಸ್ಟರ್ ಒಂದು ಹೇಳುತ್ತೆ. ಇವಳು ಇನ್ನೊಂದು ಹೇಳ್ತಾಳೆ. ಹೊರಗಿನ ಎಕ್ಸಾಮಿನರ್ ಬಂದು ಓದಿದ್ರೆ ಆಸ್ಪತ್ರೆ ಮಾನ ಏನಾಗ್ಬೇಕು? ಕೋರ್ಸೇ ಮುಚ್ಚಿಬಿಡ್ತಾರೆ. ನೀನು ತಿಳಿದೋಳು. ನಾಲ್ಕು ಸಾಲು ಬದಲಾಯಿಸಿ ಬರಿ. ಅವಳು ಪಾಸಾಗ್ತಾಳೆ. ಅವಳ ಜನದಲ್ಲಿ ಟ್ಯೂಟರ್ ಆದೋಳು ಒಬ್ಬಳಾದ್ರೂ ಇದಾಳಾ? ನೀನು ಅವಳಿಗೆ ಉಪಕಾರನೇ ಮಾಡ್ತೀಯ."



ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಆ ದಿನ ಎಂಟು ಗಂಟೆಗೆ ವರಾಂಡದ ಡ್ಯೂಟಿ ಯಾರದು ಅಂತ ನಾನಿನ್ನೂ ಪಟ್ಟಿ ತೆಗೆದು ನೋಡಿಲ್ಲ. ನೋಡ್ಲಾ?"

"ಬೇಡ ಮೇಡಂ."

ಬದಲಾಯಿಸಿದೆ. ಮೂರನೆಯ ಹಾಳೆ. ನನ್ನ ದುಂಡು ಅಕ್ಷರದಲ್ಲಿ. "ರೋಗಿಯನ್ನು ಹನ್ನೊಂದೂವರೆಗೆ, ಸಾಯುವ ಸ್ಥಿತಿಯಲ್ಲಿ ಕರೆತರಲಾಯಿತು. ಮನೆಯವರ ಅಜ್ಞಾನದಿಂದ ತಡವಾಗಿತ್ತು." ಒಬ್ಬ ನರ್ಸಿನ ಸಾಲು ಇರಲಿಲ್ಲ. ಅಂಜಮ್ಮನ ಒಳ್ಳೆಯದಕ್ಕೆ ಎಂದು ನನಗೆ ನಾನೇ ಹೇಳಿಕೊಂಡೆ. ಹೇಳಿಕೊಳ್ಳುವಾಗಲೂ ಅದು ಸುಳ್ಳೆಂದು ಗೊತ್ತಿತ್ತು. ಅವಳು ನನ್ನನ್ನು ನಂಬಿ ಆ ಪ್ರತಿಯನ್ನು ಬಿಚ್ಚಿಯೂ ನೋಡದೆ ಒಪ್ಪಿಸಿದಳು.

ಫೆಬ್ರವರಿಯಲ್ಲಿ ಮೌಖಿಕ ಪರೀಕ್ಷೆ. ಮದರಾಸಿನಿಂದ ಒಬ್ಬ ಹಿರಿಯ ಹೆಂಗಸು ಬಂದಿದ್ದರು. ಪಕ್ಕದಲ್ಲಿ ಜಗದಾಂಬಾ ಮೇಡಂ, ಇನ್ನೊಬ್ಬ ಡಾಕ್ಟರು. ಸೆಖೆಗೆ ಬಾಗಿಲು ತೆರೆದಿದ್ದರು. ಹೊರಗಿನ ಬೆಂಚಿನ ಮೇಲೆ ನಾನು, ಶಿವಕ್ಕ. ಒಳಗೆ ಅಂಜಮ್ಮನ ಬೆನ್ನು ಕಾಣುತ್ತಿತ್ತು.

ಮದರಾಸಿನವರು ವರದಿಯನ್ನು ಹೊಗಳಿದರು. ಭಾಷೆ ಚೆನ್ನಾಗಿದೆ ಎಂದರು. ಆಮೇಲೆ ಬೇಸರದಿಂದ ಕೇಳಿದರು. "ನಿಮ್ಮ ಜನ ಯಾಕೆ ಹೀಗೆ? ಸಾಯೋ ಹೊತ್ತಿಗೆ ಯಾಕೆ ಕರ್ಕೊಂಡು ಬರ್ತಾರೆ? ನೀನೇ ಬರೆದಿದ್ದೀಯಲ್ಲ, ಅಜ್ಞಾನ ಅಂತ."

ಅಂಜಮ್ಮನಿಗೆ ಅರ್ಥವಾಗಲಿಲ್ಲ. "ಆ ಹಾಳೆ ಕೊಡ್ತೀರಾ?" ಎಂದಳು.

ಕೊಟ್ಟರು. ಅವಳು ಓದಿದಳು. ಮತ್ತೆ ಓದಿದಳು. ಅವಳ ಭುಜ ಒಂದು ಸಲ ಮೇಲೆದ್ದು ಇಳಿಯಿತು.

"ಇದು ನಾನು ಬರೆದಿದ್ದಲ್ಲ."

"ನಿನ್ನ ವರದಿಯೇ ಅಲ್ಲವಾ?"

"ವರದಿ ನಂದು. ಈ ಮಾತು ನಂದಲ್ಲ."

ಮೇಜಿನ ಮೇಲಿದ್ದ ಪೆನ್ನನ್ನು ಕೈಗೆತ್ತಿಕೊಂಡಳು. ಆ ನಾಲ್ಕು ಸಾಲನ್ನು ಉದ್ದಕ್ಕೆ ಹೊಡೆದುಹಾಕಿದಳು. ಪಕ್ಕದ ಖಾಲಿ ಜಾಗದಲ್ಲಿ ಬರೆಯತೊಡಗಿದಳು. ಬರೆಯುವುದನ್ನು ಗಟ್ಟಿಯಾಗಿ ಓದುತ್ತಾ ಬರೆದಳು. ಏಳೂವರೆಗೆ. ವರಾಂಡದ ಕಲ್ಲಿನ ಮೇಲೆ. ನಾಲ್ಕು ಗಂಟೆ ಹೊತ್ತು.

ಜಗದಾಂಬಾ ಮೇಡಂ ಎದ್ದು ನಿಂತರು. "ಪೆನ್ ಕೆಳಗಿಡು!"

"ಬರೆದು ಮುಗಿಸ್ತೀನಿ ಮೇಡಂ."

"ಒಪ್ಪಿಸಿದ ವರದೀನ ಪರೀಕ್ಷಕರ ಎದುರೇ ತಿದ್ದೋದು ಅಪರಾಧ, ಗೊತ್ತಾ?"

"ಇದನ್ನ ತಿದ್ದಿದೋರು ಬೇರೆ ಇದಾರೆ. ನಾನು ಸರಿ ಮಾಡ್ತಿದೀನಿ."

"ಯಾರು ತಿದ್ದಿದ್ದು?" ಮದರಾಸಿನವರು ಕೇಳಿದರು.

ನನ್ನ ಅಕ್ಷರ ಅಂಜಮ್ಮನಿಗೆ ಗೊತ್ತಿರಲಿಲ್ಲವೇ? ಅವಳು ತಿರುಗಿ ಬಾಗಿಲ ಕಡೆ ನೋಡಲೂ ಇಲ್ಲ.

"ಬರೆದೋರ ಹೆಸರು ಹೇಳಲ್ಲ. ಸಾಯಿಸಿದೋರ ಹೆಸರು ಬೇಕಾದ್ರೆ ಹೇಳ್ತೀನಿ."

ಮದರಾಸಿನವರು ಫೈಲು ಮುಚ್ಚಿದರು. ಅದು ಆಸ್ಪತ್ರೆಯ ಒಳಗಿನ ವಿಷಯ, ನೀವೇ ನೋಡಿಕೊಳ್ಳಿ ಎಂದರು.

ಹೊರಗೆ ಬಂದ ಅಂಜಮ್ಮ ನನ್ನ ಮುಂದೆ ಒಂದು ಗಳಿಗೆ ನಿಂತಳು.

"ಅಕ್ಷರ ಚೆನ್ನಾಗಿತ್ತು ಕಣೇ" ಎಂದಳು. ಹೋದಳು.

ಶಿವಕ್ಕ ನನ್ನ ಮುಖ ನೋಡಿದರು. ಆಮೇಲೆ ಬೆಂಚಿನ ಆ ತುದಿಗೆ ಸರಿದು ಕೂತರು.

ನಾನು ಪಾಸಾದೆ. ಶಿವಕ್ಕ ಪಾಸಾದರು. ಅಂಜಮ್ಮನ ಹೆಸರಿನ ಮುಂದೆ ಫಲಿತಾಂಶ ತಡೆಹಿಡಿದಿದೆ ಎಂದಿತ್ತು. ಮೇಡಂ ಒಂದು ಕಾಗದ ಕಳಿಸಿದರು. ಟೈಪು ಮಾಡಿದ್ದು. ಮನಸ್ಸಿನ ಆವೇಗದಲ್ಲಿ ಆಸ್ಪತ್ರೆಯ ಮೇಲೆ ಸುಳ್ಳು ಆಪಾದನೆ ಮಾಡಿದೆ, ತಪ್ಪಾಯಿತು, ಕ್ಷಮಿಸಬೇಕು. ಇದನ್ನು ಸ್ವಂತ ಕೈಯಲ್ಲಿ ಬರೆದುಕೊಟ್ಟರೆ ಡಿಪ್ಲೊಮಾ.

ಭಾನುವಾರ ಬಟ್ಟೆ ಕೋಣೆಗೆ ನಾನೂ ಹೋದೆ. ಬಾ ಎಂದು ಯಾರೂ ಕರೆಯಲಿಲ್ಲ. ಹೋಗು ಎಂದೂ ಹೇಳಲಿಲ್ಲ. ಬಾಗಿಲ ಬಳಿ ಕೂತೆ.

ಶಿವಕ್ಕ ಆ ಕಾಗದವನ್ನು ನೆಲದ ಮೇಲಿಟ್ಟರು. "ಬರಿ ಅಂತ ನಾ ಹೇಳೂದಿಲ್ಲವ್ವಾ. ಬರೀಬ್ಯಾಡ ಅಂತ ಹೇಳಾಕೂ ನಾ ಯಾರು? ನಿಮ್ಮಪ್ಪ ಹಳಿ ಮ್ಯಾಲ ಬೆನ್ನ ಮುರಕೊಂಡಾನ. ನಿನ್ನ ಕೈ ನೋಡಕೋತ ಕುಂತಾನ."

ಅಂಜಮ್ಮ ಕಾಗದ ಮುಟ್ಟಲಿಲ್ಲ.

"ಹುಟ್ಟಿದಾಗಿಂದ ತಪ್ಪಾಯ್ತು ಅಂತಾನೇ ಹೇಳ್ಕೊಂಡ್ ಬಂದಿದೀನಿ ಶಿವಕ್ಕ. ಬಾವಿ ಕಟ್ಟೆ ಮೇಲೆ ನೆರಳು ಬಿದ್ರೆ ತಪ್ಪಾಯ್ತು. ಬಸ್ಸಲ್ಲಿ ಯಾರ್ದೋ ಸೆರಗು ತಾಗಿದ್ರೆ ತಪ್ಪಾಯ್ತು. ಮೆಟ್ಟಿಲ್ ಮೇಲ್ ಕೂತು ಉಂಡೆ, ಅದಕ್ಕೂ ಏನೂ ಅನ್ಲಿಲ್ಲ. ಇವತ್ತು ನಾನು ತಪ್ಪಾಯ್ತು ಅಂತ ಬರೆದ್ರೆ ಪಾಪಮ್ಮ ಬಂದಿದ್ದು ಹನ್ನೊಂದೂವರೆಗೇ ಆಗೋಗತ್ತೆ. ಬರ್ಯಲ್ಲ."

"ನಿನ್ ಒಳ್ಳೇದಕ್ಕೆ ಅಂತ ನಾನು..." ಎಂದೆ.

ಅವಳು ಮೊದಲ ಸಲ ನನ್ನ ಕಡೆ ತಿರುಗಿದಳು. "ನನ್ ಒಳ್ಳೇದನ್ನ ನನ್ನ ಕೇಳ್ದೆ ಮಾಡೋ ಜನ ತುಂಬಾ ಇದಾರೆ ಯಶೋದ. ನೀನೂ ಒಬ್ಳಾದೆ."

ಆಮೇಲೆ ಹಾಳೆ ತೆಗೆದು ಬರೆಯಲು ಕೂತಳು. ಈ ಸಲ ಕನ್ನಡದಲ್ಲಿ. ಶಿವಕ್ಕ ಕೇಳಿದರು, ಯಾರಿಗೆ ಬರೀತಿ? ಮೊದಲು ದೊಡ್ಡಹನುಮಯ್ಯನಿಗೆ, ಆಮೇಲೆ ಸರ್ಕಾರಕ್ಕೆ ಎಂದಳು. ಅವನ ಹೆಂಡತಿ ಹೇಗೆ ಸತ್ತಳು ಎಂದು ಇಂಗ್ಲಿಷಿನಲ್ಲಿ ಬರೆದು ಊರಿಗೆಲ್ಲ ತೋರಿಸಿದೆವು, ಅವನಿಗೆ ಓದಿ ಹೇಳಿದವರು ಯಾರು ಎಂದಳು.

ಮುಂದಿನ ವಾರ ಅವಳು ಕಾಲೋನಿಗೆ ಹೊರಟಾಗ ಹಿಂದೆ ನಾನೂ ನಡೆದೆ. ಶಿವಕ್ಕನಿಗೆ ಜ್ವರ ಬಂದಿತ್ತು. ರೈಲು ಗೇಟು ದಾಟಿ, ಚರಂಡಿಯ ಪಕ್ಕ, ತಗಡಿನ ಸೂರಿನ ಸಾಲು ಮನೆ. ದೊಡ್ಡಹನುಮಯ್ಯ ಆಗ ತಾನೆ ಕೆಲಸದಿಂದ ಬಂದು ಕಾಲು ತೊಳೆಯುತ್ತಿದ್ದ. ನನ್ನನ್ನು ಕಂಡು ಅವನ ಕೈ ನಿಂತಿತು. ಮತ್ತೆ ತೊಳೆದುಕೊಂಡ. ಪಾಪಮ್ಮನ ತಾಯಿ ಲಿಂಗಮ್ಮ ಮೊಮ್ಮಗಳನ್ನು ಕಾಲ ಮೇಲೆ ಮಲಗಿಸಿಕೊಂಡು ಕೂತಿದ್ದಳು. ಮಗುವಿಗೆ ಆರು ತಿಂಗಳಾಗಿತ್ತು. ಮೇಕೆ ಹಾಲಲ್ಲಿ ಬೆಳೆದ ಮಗು. ಕೈ ಕಾಲು ಕಡ್ಡಿಯಂತಿದ್ದವು.

ಅಕ್ಕಪಕ್ಕದವರು ಬಂದು ಬಾಗಿಲಲ್ಲಿ ಕೂತರು. ಅಂಜಮ್ಮ ಓದಿದಳು. ಓದಿನಲ್ಲಿ ಕೈಗಾಡಿ ಬಂತು. ಕಂಬಳಿ ಬಂತು. ಬಾಗಿಲಲ್ಲಿ ನಿಂತ ಸಿಸ್ಟರ್ ಬಂದರು.

"ಎಂಟು ಗಂಟೆಗೆ ಒಬ್ಬ ನರ್ಸ್ ಪಕ್ಕದಲ್ಲಿ ಹೋದಳು. ಪಾಪಮ್ಮ ನೀರು ಕೇಳಿದಳು..."

"ಕೊಟ್ಲಾ?" ಲಿಂಗಮ್ಮ ಕೇಳಿದಳು. ಅವಳಿಗೆ ಅದು ಈವರೆಗೆ ಗೊತ್ತಿರಲಿಲ್ಲ. ಅಳಿಯ ಹೇಳಿರಲಿಲ್ಲ.

"ಇಲ್ಲ ಅಜ್ಜಿ" ಎಂದಳು ಅಂಜಮ್ಮ.

ಮುದುಕಿ ಮಗುವಿನ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. "ಅವ್ಳು ಚಿಕ್ಕೋಳಿದ್ದಾಗಿಂದ ಹಂಗೇ. ದಾಹ ತಡೀತಿರ್ಲಿಲ್ಲ" ಎಂದಳು.

"ಆ ನರ್ಸ್ ನಾನು" ಎಂದೆ.

ನನ್ನ ದನಿ ನನಗೇ ಕೇಳಿಸಿತೋ ಇಲ್ಲವೋ. ಮತ್ತೊಮ್ಮೆ ಹೇಳಿದೆ. "ನಾನೇ. ಬರ್ತೀನಿ ಇರು ಅಂದೆ. ಬರ್ಲಿಲ್ಲ."

ಯಾರಾದರೂ ಬಯ್ಯಲಿ ಎಂದು ಕಾದೆ. ದೊಡ್ಡಹನುಮಯ್ಯ ನೆಲ ನೋಡುತ್ತಾ ಹೇಳಿದ. "ನೀವು ಬಾಗ್ಲಿಗೆ ಬಂದಾಗ್ಲೇ ಗೊತ್ತಾಯ್ತು ತಾಯಿ. ಆ ಮಖ ನಾನು ಮರೆಯಾಕಾಯ್ತದಾ? ಈ ಸಿಸ್ಟರಮ್ಮನ ಜತೇಲಿ ಬಂದವ್ರಲ್ಲ ಅಂತ ಸುಮ್ಕಿದ್ದೆ."

ಲಿಂಗಮ್ಮ ನನ್ನ ಕಡೆ ನೋಡಲಿಲ್ಲ. ಮಗುವನ್ನು ಎತ್ತಿಕೊಂಡು ಒಳಗೆ ಹೋದಳು.

ಅಂಜಮ್ಮ ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಪೆನ್ನು ತೆಗೆದು "ಒಬ್ಬ ನರ್ಸ್" ಎಂಬ ಮಾತನ್ನು ಹೊಡೆದುಹಾಕಿದಳು. ತಲೆಯೆತ್ತದೆ ಕೇಳಿದಳು.

"ನಿಮ್ಮ ಪೂರ್ತಿ ಹೆಸರು ಹೇಳಿ ಸಿಸ್ಟರ್."

ಒಂದು ವರ್ಷ ನನ್ನ ಪಕ್ಕ ಕೂತು ಬರೆದವಳು. ನಾನು ಹೇಳಿದೆ. ಎನ್. ಯಶೋದಮ್ಮ. ತಂದೆ ನಂಜುಂಡಪ್ಪ. ಅವಳು ಬರೆದುಕೊಂಡಳು. ಕೆಳಗೆ ದೊಡ್ಡಹನುಮಯ್ಯ ಹೆಬ್ಬೆಟ್ಟು ಒತ್ತಿದ. ನಾನು ಸಹಿ ಹಾಕಿದೆ.

ಮನವಿ ಹೋಯಿತು. ಮೂರು ತಿಂಗಳಿಗೆ ಒಬ್ಬ ಅಧಿಕಾರಿ ವಿಚಾರಣೆಗೆ ಬಂದರು. ವಾರ್ಡಿನ ಸಿಸ್ಟರ್ ಇಲ್ಲ ಎಂದರು. ಆಯಾಗಳು ಇಲ್ಲ ಎಂದರು. ನಾನು ಹೌದು ಎಂದೆ. ಶಿವಕ್ಕ ಕರಡಿನ ಹಾಳೆ ತೋರಿಸಿದರು. ಅಧಿಕಾರಿ ರಿಜಿಸ್ಟರ್ ತರಿಸಿ ನೋಡಿದರು. ರಿಜಿಸ್ಟರಿನಂತೆ ರೋಗಿ ಬಂದದ್ದು ಹನ್ನೊಂದೂವರೆಗೆ, ಆರೋಪ ಸಾಬೀತಾಗಿಲ್ಲ ಎಂದು ಎರಡು ಸಾಲಿನ ಉತ್ತರ ಬಂತು. ಕರ್ತವ್ಯದಲ್ಲಿ ಅಲಕ್ಷ್ಯ ಮಾಡಿದ್ದಾಗಿ ತಾನೇ ಒಪ್ಪಿಕೊಂಡಿದ್ದಾಳೆ ಎಂದು ನನ್ನೊಬ್ಬಳ ಡಿಪ್ಲೊಮಾ ಹಿಂತೆಗೆದುಕೊಂಡರು. ಶಿವಕ್ಕನನ್ನು ಬೀದರಿನ ಕಡೆಗೆ ವರ್ಗ ಮಾಡಿದರು. ಅಲ್ಲಿಂದ ಎರಡು ಕಾಗದ ಬಂದವು, ಆಮೇಲೆ ಬರಲಿಲ್ಲ. ಅಂಜಮ್ಮ ಕೆಲಸ ಬಿಟ್ಟು ಕೆಂಗೇರಿಗೆ ಹೋದಳು. ಕೇರಿಯ ಹೆಂಗಸರ ಹೆರಿಗೆ ಮಾಡಿಸುತ್ತಿದ್ದಾಳೆ ಎಂದು ಕೇಳಿದೆ. ಪಾಪಮ್ಮನ ಮಗು ಆ ಮಳೆಗಾಲ ದಾಟಲಿಲ್ಲ.

ಐವತ್ತೊಂಬತ್ತರಲ್ಲಿ ಒಂದು ಭಾನುವಾರ ನಾನು ಕೆಂಗೇರಿ ಬಸ್ಸು ಹತ್ತಿದೆ. ಯಾಕೆ ಎಂದು ನನಗೇ ಸರಿಯಾಗಿ ಗೊತ್ತಿರಲಿಲ್ಲ. ಹೊಲಗೇರಿಗೆ ದಾರಿ ಕೇಳಿದರೆ ಅಂಗಡಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಅಂಜಮ್ಮನ ಮನೆಯ ಮುಂದೆ ಹುಣಸೆ ಮರ. ಅದರ ಕೆಳಗೆ ಏಳೆಂಟು ಹೆಂಗಸರು. ಮುನಿಯಪ್ಪ ಗೋಡೆಗೆ ಒರಗಿ ಕೂತಿದ್ದ. ಅಂಜಮ್ಮನ ಮುಂದೆ ಹಾಳೆಗಳು. ಆಸ್ಪತ್ರೆಯಲ್ಲಿ, ಕಚೇರಿಯಲ್ಲಿ, ಬಾವಿಕಟ್ಟೆಯಲ್ಲಿ ತಮಗೆ ಆದದ್ದನ್ನು ಒಬ್ಬೊಬ್ಬರೇ ಹೇಳುತ್ತಿದ್ದರು. ಅವಳು ಬರೆದುಕೊಳ್ಳುತ್ತಿದ್ದಳು. ಅವಳ ಕೂದಲು ಒಂದೆರಡು ಕಡೆ ನೆರೆತಿತ್ತು.

"ಬನ್ನಿ ಸಿಸ್ಟರ್. ಕೂತ್ಕೊಳ್ಳಿ" ಎಂದಳು.

ಬಾರೇ ಎನ್ನಲಿಲ್ಲ. ಕೂತೆ. ಸ್ವಲ್ಪ ಹೊತ್ತಿನ ಮೇಲೆ ಅವಳು ಕೈ ಕೊಡವಿಕೊಂಡಳು. ಬೆರಳು ನೋಯುತ್ತಿರಬೇಕು. ನಾನು ಬರೆದುಕೊಡಲಾ ಎಂದು ಕೇಳಿದೆ. ಅವಳು ನನ್ನ ಕೈ ನೋಡಿದಳು. ಆಮೇಲೆ ಪೆನ್ನು, ಒಂದು ಹಾಳೆ ನನ್ನ ಕಡೆ ಸರಿಸಿದಳು.

"ಇವ್ರು ಹೇಳ್ತಾರೆ. ಹೇಳಿದ್ ಹಾಗೇ ಬರೀರಿ."

ಒಬ್ಬ ನಡುವಯಸ್ಸಿನ ಹೆಂಗಸು ನನ್ನ ಮುಂದೆ ಬಂದು ಕೂತಳು. ಹೇಳಿದಳು. ಬರೆದೆ. ಒಂದು ಹಾಳೆ ತುಂಬಿತು. ಅಂಜಮ್ಮ ಕೈ ಚಾಚಿ ಅದನ್ನು ತೆಗೆದುಕೊಂಡಳು. ನನ್ನ ಎದುರಿಗೇ, ಆ ಹೆಂಗಸಿಗೆ ಒಂದೊಂದು ಸಾಲನ್ನೂ ನಿಧಾನವಾಗಿ ಓದಿ ಹೇಳಿದಳು. ಪ್ರತಿ ಸಾಲು ಮುಗಿದ ಮೇಲೂ ನಿಲ್ಲಿಸಿ ಕೇಳಿದಳು.

"ನೀವು ಹೇಳಿದ್ದು ಇದೇನಾ ಅಕ್ಕ?"